ದಕ್ಷಿಣದ ಗೋಡೆಗೆ ಬಿಸಿಲಿಲ್ಲ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದವಳು ಎಂದು ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, ಕಾಂಗರೂ ನೋಡಿದಿರಾ ಎಂದು. ನೋಡಿದೆ. ಲಾರಿಗೆ ಸಿಕ್ಕು ರಸ್ತೆ ಬದಿಗೆ ಸತ್ತು ಬಿದ್ದವು ಏಳು, ಬದುಕಿದ್ದವು ಎರಡು. ಅಷ್ಟು ಹೇಳಿ ಮುಗಿಸುತ್ತೇನೆ. ನನಗೆ ಹೇಳಬೇಕಾದದ್ದು ಬೇರೆ ಇದೆ, ಅದನ್ನು ಹೇಳಲು ಹೊರಟರೆ ಇವತ್ತಿಗೂ ನನ್ನ ದನಿ ಏರುತ್ತದೆ.

ನಾನು ಗದಗಿನವಳು. ಮದುವೆಯಾದ ಮೇಲೆ ನಾಸಿಕಕ್ಕೆ ಬಂದು, ಓಝರಿನ ವಿಮಾನ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್ ಆಗಿ ಸೇರಿದೆ. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಅದನ್ನೇ ಶಾಯಿಯಲ್ಲಿ ಇಳಿಸುವ ಕೆಲಸ. ನಮ್ಮವರು ಪ್ರಹ್ಲಾದ, ಧಾರವಾಡದವರು, ಅದೇ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದರು. ರವಿವಾರ ಬಂತೆಂದರೆ ಕಾರ್ಖಾನೆಯ ಹದಿನೈದಿಪ್ಪತ್ತು ಮಂದಿ ಹಗ್ಗ ಹೊತ್ತುಕೊಂಡು ಹತ್ತಿರದ ಅಂಜನೇರಿ ಗುಡ್ಡಕ್ಕೋ ಬ್ರಹ್ಮಗಿರಿಗೋ ಬಂಡೆ ಹತ್ತಲು ಹೋಗುತ್ತಿದ್ದರು. ಮುಂದಾಳು ನಮ್ಮವರೇ. ಅವರ ಹಳೆಯ ಪ್ಯಾಂಟಿಗೆ ಒಂದು ಲಾಡಿ ಹೊಲಿದು ಹಾಕಿಕೊಂಡು ನಾನೂ ಹೋಗುತ್ತಿದ್ದೆ.

ಬಂಡೆ ಹತ್ತುವುದರಲ್ಲಿ ನಾನು ಕೆಳಗಿನ ತರಗತಿಯವಳು. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಕೈತುಂಬ ಸಿಗುವ ಹಿಡಿ, ಕಾಲಿಗೆ ಮೆಟ್ಟಿಲಿನಂಥ ಅಂಚು ಇದ್ದರೆ ದಿನವಿಡೀ ಹತ್ತುತ್ತೇನೆ. ಬೆರಳ ತುದಿಯಲ್ಲಿ ಜೋತಾಡುವುದು ನನ್ನಿಂದಾಗದು. ನನ್ನಂಥವರೇ ಲೋಕದಲ್ಲಿ ಹೆಚ್ಚು. ಆದರೆ ಎಲ್ಲಿಗೆ ಹೋಗಬೇಕು ಎಂದು ಆರಿಸುವವರು ಯಾವಾಗಲೂ ಮೇಲಿನ ತರಗತಿಯವರು. ನನ್ನ ಸಿಟ್ಟಿನ ಬೇರು ಅಲ್ಲಿದೆ.

ಮೆಲ್ಬರ್ನ್

ಎಪ್ಪತ್ತನಾಲ್ಕರಲ್ಲಿ ಹೊಸ ಯಂತ್ರವೊಂದರ ತರಬೇತಿಗೆ ನಮ್ಮವರನ್ನು ಆರು ತಿಂಗಳು ಮೆಲ್ಬರ್ನಿಗೆ ಕಳಿಸಿದರು. ನಾನು ಎರಡು ತಿಂಗಳ ರಜೆ ಹಾಕಿ, ತವರಿನ ಪಾಟ್ಲಿ ಬಳೆ ಮಾರಿ, ಜುಲೈ ಮೊದಲ ವಾರ ಅಲ್ಲಿಗೆ ಇಳಿದೆ. ನಾಸಿಕದಲ್ಲಿ ಮಳೆ ಹಿಡಿದಿತ್ತು. ಅಲ್ಲಿ ನಡು ಚಳಿಗಾಲ. ಆಕಾಶ ನೆನೆಸಿಟ್ಟ ಕಂಬಳಿಯ ಹಾಗೆ ತಲೆಯ ಮೇಲೇ ಇಳಿದಿತ್ತು.

ಬಾಡಿಗೆ ಮನೆಯ ಪಕ್ಕದಾಕೆ ದಿನಾ ಬೆಳಿಗ್ಗೆ "ಹೇಗಿದ್ದೀರಿ?" ಎಂದು ಕೇಳುತ್ತಿದ್ದಳು. ಮೊದಲ ದಿನ ನಿಂತು ಹೇಳಿದೆ: ನಿದ್ದೆ ಬರಲಿಲ್ಲ, ಕಾಲು ಹಿಮಗಟ್ಟಿದೆ, ನಲ್ಲಿಯ ನೀರು ಮುಟ್ಟಲಾಗದು. ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಆಕೆ ಗೇಟು ದಾಟಿದ್ದಳು. ನಮ್ಮಲ್ಲಿ ಓಝರಿನ ಬಸ್ಸಿನ ಕಂಡಕ್ಟರ್ ಕೂಡ, ಕೇಳಿದ ಮೇಲೆ, ಚಿಲ್ಲರೆ ಎಣಿಸುತ್ತಲಾದರೂ ಉತ್ತರ ಕೇಳಿಸಿಕೊಳ್ಳುತ್ತಾನೆ.

ನಮ್ಮವರ ಜೊತೆ ಕೆಲಸ ಮಾಡುವ ಕೀತ್ ಎಂಬಾತ ಬಂಡೆ ಹತ್ತುವುದರಲ್ಲಿ ಹೆಸರು ಮಾಡಿದವನು. ಮೂವತ್ತರ ವಯಸ್ಸು, ಕೆಂಪು ಗಡ್ಡ, ಒಳ್ಳೆಯ ಮನಸ್ಸು. ಒಳ್ಳೆಯ ಮನಸ್ಸಿನವರ ಮೇಲೆ ಸಿಟ್ಟು ಮಾಡುವುದು ಕಷ್ಟ, ಆದರೂ ಮಾಡಿದೆ. ಆ ದೇಶದಲ್ಲಿ ಪ್ರತಿಯೊಂದು ಹತ್ತುವ ದಾರಿಗೂ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಮೂರು, ನಾಲ್ಕು ಎಂದರೆ ಕೈಯೂರಿ ಏರುವಂಥದ್ದು. ಇಪ್ಪತ್ತರ ಹತ್ತಿರ ಹೋದರೆ ಹಲ್ಲಿಗಳಿಗೆ ಮಾತ್ರ. ಕೀತ್ ಹದಿನೆಂಟರವನು. ನಮ್ಮವರು ಹನ್ನೆರಡರವರು, ಒಳ್ಳೆಯ ದಿನ ಹದಿಮೂರು. ನಾನು ಎಂಟು.

ಮನೆಗೆ ಊಟಕ್ಕೆ ಕರೆದಾಗ ಕೀತ್ ನಕ್ಷೆ ತಂದಿದ್ದ. ಮೆಲ್ಬರ್ನಿನ ಪಶ್ಚಿಮಕ್ಕೆ, ಕಾರಿನಲ್ಲಿ ಅರ್ಧ ದಿನದ ದಾರಿಯಲ್ಲಿ, ಗ್ರಾಂಪಿಯನ್ಸ್ ಎಂಬ ಬೆಟ್ಟಸಾಲು ಇದೆ. ಅಲ್ಲಿಯ ಒಂದು ಉದ್ದ ಗೋಡೆಯನ್ನು ಬೆರಳಿನಿಂದ ತೋರಿಸಿದ.

"ಇದು ಸುಲಭದ್ದೇ. ಒಂಬತ್ತೋ ಹತ್ತೋ. ನೋಟ ತುಂಬ ಚೆಂದ" ಎಂದ.

"ಯಾವ ದಿಕ್ಕಿಗಿದೆ?" ಎಂದು ಕೇಳಿದೆ.

"ದಕ್ಷಿಣಕ್ಕೆ."

ನನಗೆ ಸಮಾಧಾನವಾಯಿತು. ನಮ್ಮ ಅಂಜನೇರಿಯಲ್ಲಿ ಚಳಿಗಾಲ ಬಂತೆಂದರೆ ದಕ್ಷಿಣದ ಮಗ್ಗುಲಿಗೇ ಹೋಗುವುದು. ದಿನವಿಡೀ ಬಿಸಿಲು, ಬೆನ್ನಿಗೆ ಹಿತ. "ಹಾಗಾದರೆ ಒಳ್ಳೆಯದು" ಎಂದುಬಿಟ್ಟೆ. ಭೂಮಿಯ ಕೆಳಗಿನ ಅರ್ಧದಲ್ಲಿ ಸೂರ್ಯ ಉತ್ತರದಿಂದ ಬಿಸಿಲು ಕೊಡುತ್ತಾನೆ, ಅಲ್ಲಿ ದಕ್ಷಿಣದ ಗೋಡೆ ಎಂದರೆ ಚಳಿಗಾಲವೆಲ್ಲ ನೆರಳು ಎಂಬುದು ಹೊಳೆಯಲೇ ಇಲ್ಲ. ಶಾಲೆಯ ಭೂಗೋಳದಲ್ಲಿ ಓದಿ ಪಾಸಾದವಳು ನಾನು. ಓದಿದ್ದನ್ನು ಮೈಗೆ ಹಚ್ಚಿ ನೋಡಿರಲಿಲ್ಲ, ಅಷ್ಟೆ. ಎಂಜಿನಿಯರಾದ ನಮ್ಮವರಿಗೂ ಹೊಳೆಯಲಿಲ್ಲ. ಕೀತ್‌ಗೆ ಗೊತ್ತಿತ್ತು. ಆದರೆ ಅವನಿಗೆ ಅದು ಹೇಳಬೇಕಾದ ಮಾತೆಂದು ಅನ್ನಿಸಲಿಲ್ಲ, ಯಾಕೆಂದರೆ ಹದಿನೆಂಟರವನಿಗೆ ಒಂಬತ್ತರ ದಾರಿಯಲ್ಲಿ ಚಳಿಯೂ ಒಂದು ತಮಾಷೆ.

ಗ್ರಾಂಪಿಯನ್ಸ್

ಕಾರಿನಲ್ಲಿ ನಾಲ್ವರು. ನಾವಿಬ್ಬರು, ಕೀತ್, ಮತ್ತೆ ಅವನ ಸೋದರತ್ತೆ ಡೊರೊತಿ. ಆಕೆಗೆ ಐವತ್ತೆಂಟು. ಹಳ್ಳಿಯೊಂದರ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ಇಪ್ಪತ್ತು ವರ್ಷದಿಂದ ಬಂಡೆ ಹತ್ತುತ್ತಿದ್ದಳು, ಇಪ್ಪತ್ತು ವರ್ಷವೂ ಏಳು ಎಂಟರ ಮೇಲೆ ಹೋಗಿರಲಿಲ್ಲ. ತಾಯಿಯ ವಯಸ್ಸಿನವಳನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. ನಾಸಿಕದ ರೂಢಿಯಂತೆ "ಡೊರೊತಿ ಬಾಯಿ" ಎಂದೆ. ಬಾಯಿ ಎಂದರೆ ಅಮ್ಮ ಎಂಬಂಥ ಗೌರವದ ಮಾತು ಎಂದು ಕೇಳಿ ತಿಳಿದುಕೊಂಡು, "ಹಾಗೇ ಕರೆ" ಎಂದರು.

ಬೆಟ್ಟದ ಬುಡಕ್ಕೆ ಬಂದಾಗ ಅವರು ಕಾರಿನಿಂದ ಇಳಿದು ಆಕಾಶ ನೋಡಿದರು, ಗೋಡೆ ನೋಡಿದರು. "ಇವತ್ತು ನನ್ನ ಮೊಣಕಾಲು ಬೇಡ ಅನ್ನುತ್ತಿದೆ" ಎಂದು ಕಾರಿನೊಳಗೇ ಕೂತು ಹೆಣಿಗೆ ತೆಗೆದರು.

ಗೋಡೆಯ ಬುಡಕ್ಕೆ ಹೋಗಲು ಒಂದೂವರೆ ತಾಸು, ಮುಳ್ಳು ಪೊದೆಗಳ ನಡುವೆ. ಸೊಂಟದ ತನಕ ಒದ್ದೆಯಾಯಿತು. ಬಂಡೆ ಮುಟ್ಟಿದರೆ ಮಂಜುಗಡ್ಡೆ ಮಾರುವವನ ಗೋಣಿಚೀಲ ಮುಟ್ಟಿದಂತೆ. ಆಗ ಅರಿವಾಯಿತು, ಇಲ್ಲಿ ಬಿಸಿಲು ಬೀಳುವುದೇ ಇಲ್ಲ ಎಂದು. "ಇಲ್ಲಿ ಬ್ಯಾಡ್ರೀ" ಎಂದೆ. ನಮ್ಮವರು ಕೀತ್ ಕಡೆ ನೋಡಿದರು. ಅವನು ಆಗಲೇ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದ.

"ಇಷ್ಟ ದೂರ ಬಂದೇವಿ. ಏನಾಗೂದಿಲ್ಲ, ಬಾ" ಎಂದರು.

ಒಂದೇ ಸಾಲಿನಲ್ಲಿ ಮೂವರು. ಮುಂದೆ ಕೀತ್, ನಡುವೆ ನಮ್ಮವರು, ಕೊನೆಗೆ ನಾನು. ಮೊದಲ ನೂರಡಿ ಹೇಗೋ ಏರಿದೆ. ಅಲ್ಲಿಂದ ದಾರಿ ಮೇಲಕ್ಕೆ ಹೋಗದೆ ಗೋಡೆಯ ಮೇಲೆ ಅಡ್ಡಕ್ಕೆ ಹೋಗುತ್ತಿತ್ತು, ನಲವತ್ತಡಿ, ಮೂಲೆ ತಿರುಗುವ ತನಕ. ಬಂಡೆ ಹತ್ತದವರಿಗೆ ಇದನ್ನು ಬಿಡಿಸಿ ಹೇಳಬೇಕು. ಮೇಲಕ್ಕೆ ಹತ್ತುವಾಗ ಕೊನೆಯವರೇ ಎಲ್ಲರಿಗಿಂತ ಕ್ಷೇಮ. ಜಾರಿದರೆ ಮೇಲಿನವರು ಹಿಡಿದ ಹಗ್ಗ ಅಲ್ಲಿಯೇ ನಿಲ್ಲಿಸುತ್ತದೆ. ಅಡ್ಡಕ್ಕೆ ಹೋಗುವಾಗ ಹಾಗಲ್ಲ. ನಡುವಿನವನಿಗೆ ಎರಡೂ ಕಡೆ ಹಗ್ಗ. ಕೊನೆಯವರಿಗೆ ಹಗ್ಗ ಇರುವುದು ಒಂದೇ ಪಕ್ಕಕ್ಕೆ. ಜಾರಿದರೆ ತೊಟ್ಟಿಲಿನ ಹಾಗೆ ತೂಗಿಕೊಂಡು ಹೋಗಿ ಆ ಕಡೆಯ ಬಂಡೆಗೆ ಬಡಿಯಬೇಕು. ಅದಕ್ಕೇ ನಡುವೆ ಅಲ್ಲಲ್ಲಿ ಬಿರುಕಿಗೆ ಲೋಹದ ತುಂಡು ಸಿಕ್ಕಿಸಿ ಹಗ್ಗಕ್ಕೆ ಆಸರೆ ಬಿಟ್ಟಿರಬೇಕು. ಕೀತ್ ಹೋಗುವಾಗ ಎರಡು ಆಸರೆ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ನಮ್ಮವರು ಮೂಲೆ ತಿರುಗಿ ಮರೆಯಾದ ಮೇಲೆ ನೋಡಿದರೆ ಎರಡೂ ಇರಲಿಲ್ಲ. ಬಿಚ್ಚಿಕೊಂಡು ಹೋಗಿದ್ದರು.

ಅಷ್ಟರಲ್ಲಿ ಆಲಿಕಲ್ಲು ಶುರುವಾಯಿತು. ಅಂಗೈ ಅಗಲದ ಅಂಚಿನ ಮೇಲೆ ನಿಂತು ಕೂಗಿದೆ. ಗಾಳಿ ನನ್ನ ಮಾತನ್ನು ನನ್ನ ಬಾಯಿಗೇ ತುರುಕಿತು. ಬೆರಳು ಇದ್ದಾವೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮೂಲೆಯ ಆಚೆಯಿಂದ ಹಗ್ಗ ಎಳೆಯತೊಡಗಿದರು. ನಾನು ಹೊರಟೆನೆಂದು ತಿಳಿದರೋ, ಹೊರಡಲಿ ಎಂದು ಎಳೆದರೋ. ಸೊಂಟ ಆ ಕಡೆ ವಾಲಿತು. "ಎಳೀಬ್ಯಾಡ್ರಿ, ಎಳೀಬ್ಯಾಡ್ರಿ" ಎಂದು ಎರಡು ಸಲ ಅಂದದ್ದು ನೆನಪಿದೆ. ಮೂರನೆಯ ಸಲ ಅನ್ನುವಷ್ಟರಲ್ಲಿ ಕಾಲು ಜಾರಿತ್ತು.

ತೂಗಿಕೊಂಡು ಹೋಗಿ ಬಲ ಭುಜ, ಬಲ ಮೊಣಕಾಲು ಬಂಡೆಗೆ ಬಡಿದವು. ಆಮೇಲೆ ಹಗ್ಗ ಹೊರಳಿ ಹೊರಳಿ ನಿಂತಿತು. ನನ್ನ ಕೆಳಗೆ ಏಳೆಂಟು ಅಡಿಯಲ್ಲಿ ಒಂದು ಸೊಟ್ಟ ಮರ ಬೆಳೆದಿದ್ದ ಜಾಗವಿತ್ತು. ಹಗ್ಗ ಸಡಿಲಿಸಿ ಎಂದು ಕೂಗಿ ಕೂಗಿ, ಅದು ಅವರಿಗೆ ಕೇಳಿಸಿ, ಇಂಚಿಂಚಾಗಿ ಇಳಿದು ಆ ಮರ ತಬ್ಬಿಕೊಂಡೆ. ಅಲ್ಲಿ ಒಂದೂವರೆ ತಾಸು. ಮೊದಲು ನಡುಗಿದೆ. ಆಮೇಲೆ ನಡುಕ ನಿಂತಿತು, ಹಿತವಾದ ನಿದ್ದೆ ಬರತೊಡಗಿತು. ಅದು ಒಳ್ಳೆಯ ಲಕ್ಷಣವಲ್ಲ ಎಂದು ಗೊತ್ತಿತ್ತು. ನಿದ್ದೆ ಬಾರದಿರಲೆಂದು ಬೈಯತೊಡಗಿದೆ. ಗದಗಿನ ನಮ್ಮ ಓಣಿಯ ನಲ್ಲಿಯ ಮುಂದೆ ಕೇಳಿದ ಬೈಗುಳವೆಲ್ಲ, ಒಂದೂ ಬಿಡದೆ. ಕೀತ್‌ನನ್ನು, ನಮ್ಮವರನ್ನು, ಸೂರ್ಯನನ್ನು, ನನ್ನ ಭೂಗೋಳದ ಮಾಸ್ತರರನ್ನು. ಅವತ್ತು ನನ್ನನ್ನು ಉಳಿಸಿದ್ದು ಆ ಸಿಟ್ಟೇ ಎಂದು ಈಗಲೂ ನಂಬಿದ್ದೇನೆ.

ಕೀತ್ ಕೊನೆಗೆ ಮೇಲಿನಿಂದ ಇನ್ನೊಂದು ಹಗ್ಗ ಇಳಿಬಿಟ್ಟು ನನ್ನ ಹತ್ತಿರ ಬಂದ. ಮುಖ ಸುಣ್ಣವಾಗಿತ್ತು. ತನ್ನ ಕೋಟು ಬಿಚ್ಚಿ ತೊಡಿಸಿ ಕೆಳಗೆ ಇಳಿಸಿದ. ನಮ್ಮವರು ಆಮೇಲೆ ಇಳಿದು ಬಂದರು. ಎದುರು ನಿಂತು ಅವರು ಅಂದ ಮೊದಲ ಮಾತು ಇದು:

"ಸ್ವಲ್ಪ ಧೈರ್ಯಾ ಮಾಡಿದ್ದರ ದಾಟತಿದ್ದಿ, ಸುಮಿತ್ರಾ."

ನನ್ನ ದವಡೆ ಅಲುಗುತ್ತಿರಲಿಲ್ಲ.

ಬೆಟ್ಟದ ಕೆಳಗಿನ ಊರು

ಕಾರಿನ ಹತ್ತಿರ ಡೊರೊತಿ ಬಾಯಿ ಗಂಡಸರಿಬ್ಬರನ್ನೂ ದೂರ ಅಟ್ಟಿ, ನನ್ನ ಒದ್ದೆ ಬಟ್ಟೆಯೆಲ್ಲ ಕಳಚಿ, ತಾವು ತೊಟ್ಟಿದ್ದ ಉಣ್ಣೆಯ ಅಂಗಿಯನ್ನೇ ಬಿಚ್ಚಿ ನನಗೆ ಹಾಕಿದರು. ನಾಲ್ಕು ಚಮಚ ಸಕ್ಕರೆಯ ಚಹಾ ಕುಡಿಸಿದರು. ಆಮೇಲೆ ಕೀತ್‌ನ ಮುಂದೆ ನಿಂತು ಕೇಳಿದರು, "ಅವಳಿಗೆ ಈ ಗೋಡೆ ಬೇಕೇ ಎಂದು ಕೇಳಿದೆಯಾ?"

"ಒಂಬತ್ತರದ್ದು ಅತ್ತೆ, ನಾನಂದುಕೊಂಡೆ..."

"ಒಂಬತ್ತು ನಿನಗೆ. ಬೇಸಿಗೆಯಲ್ಲಿ. ಮುಂದೆ ಹೋಗುವವನಿಗೆ."

ಊರಿನ ಅಂಗಡಿಯೊಂದರಲ್ಲಿ ಬಿಸಿ ಏನಾದರೂ ತಿನ್ನೋಣವೆಂದು ನಿಲ್ಲಿಸಿದರು. ಇದ್ದದ್ದೆಲ್ಲ ಮಾಂಸ ತುಂಬಿದ ಕಡುಬಿನಂಥದ್ದು. ಅಂಗಡಿಯವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಡೊರೊತಿ ಬಾಯಿಯನ್ನು ಕೇಳಿದಳು, "ಇವಳಿಗೆ ಏನು ಬೇಕಂತೆ?" ಮರ, ಕಲ್ಲು, ಕಟ್ಟಿಹಾಕಿದ ಎಮ್ಮೆಯ ಬಗ್ಗೆ ಕೇಳುವ ಧಾಟಿ. "ಇವಳಿಗೆ ಬ್ರೆಡ್ಡು, ಬೆಣ್ಣೆ, ಮತ್ತೆ ಸ್ವಲ್ಪ ಮರ್ಯಾದೆ ಬೇಕು" ಎಂದು ನಾನೇ ಇಂಗ್ಲಿಷಿನಲ್ಲಿ ಅಂದೆ. ಬ್ರೆಡ್ಡು ಬೆಣ್ಣೆ ಸಿಕ್ಕಿತು.

ಮೆಲ್ಬರ್ನಿನ ದಾರಿಯಲ್ಲಿ ಬಾಯಿ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು, "ಬೆಳಿಗ್ಗೆ ಆ ಗೋಡೆ ನೋಡಿದಾಗಲೇ ನನಗೆ ಗೊತ್ತಿತ್ತು. ಮೊಣಕಾಲಿಗೆ ಏನೂ ಆಗಿರಲಿಲ್ಲ. ಹೇಳಬೇಕಿತ್ತು. ಹೇಳಿದರೆ ಮುದುಕಿ ಅಂಜುತ್ತಾಳೆ ಅಂತಾರೆ ಎಂದು ಸುಮ್ಮನಾದೆ."

ಅವರ ಅಂಗಿ ನನ್ನ ಮೈಮೇಲಿತ್ತು. ಆದರೂ ಅವರ ಮೇಲೂ ಸಿಟ್ಟು ಬಂತು. "ಹೇಳಬೇಕಾಗಿತ್ತು, ಬಾಯಿ" ಎಂದೆ. ಅವರು ತಲೆ ತಗ್ಗಿಸಿದರು. ಕಿಟಕಿಯ ಆಚೆ ಕುರಿಗಳು ಮಳೆಗೆ ಬೆನ್ನು ಕೊಟ್ಟು ನಿಂತಿದ್ದವು.

ಮತ್ತೆ ಮೆಲ್ಬರ್ನ್

ಭುಜ ಎರಡು ವಾರ ನೀಲಿಗಟ್ಟಿತ್ತು. ನಾನೂ ನಮ್ಮವರೂ ಉಪ್ಪು, ಸಾರು, ಬೀಗದಕೈ ಇಷ್ಟರ ಬಗ್ಗೆ ಮಾತ್ರ ಮಾತಾಡುತ್ತಿದ್ದೆವು. ಒಂದು ದಿನ ಅವರೇ ಬಾಯಿಬಿಟ್ಟರು.

"ದಕ್ಷಿಣದ ಗ್ವಾಡಿ ಅಂದಾಗ ನೀನೂ ಖುಷಿಯಾಗಿದ್ದಿ."

"ಹೌದು. ಅದು ನನ್ನ ತಪ್ಪು. ಅಲ್ಲಿ ಹೋಗಿ ಕಲ್ಲು ಮುಟ್ಟಿದ ಮ್ಯಾಲೆ ಬ್ಯಾಡ ಅಂದೆ. ಅದನ್ನ ಕೇಳದ್ದು ಯಾರ ತಪ್ಪರೀ?"

ಅವರು ಪತ್ರಿಕೆಯ ಹಾಳೆ ತಿರುಗಿಸಿದರು.

ಮರುದಿನ ನಾನು ಟ್ರೇಸಿಂಗ್ ಹಾಳೆ ಕೊಂಡು ತಂದು, ಡೊರೊತಿ ಬಾಯಿಯ ಮನೆಗೆ ಹೋದೆ. ಅವರ ಮೇಜಿನ ಮೇಲೆ ಆ ದೇಶದ ನಕ್ಷೆ ಹಾಸಿ, ನನ್ನ ಹಾಳೆ ಅದರ ಮೇಲಿಟ್ಟು ಕೇಳಿದೆ, "ಬಾಯಿ, ನಿಮ್ಮಂಥವರು ನನ್ನಂಥವರು ಚಳಿಗಾಲದಲ್ಲಿ ಎಲ್ಲಿ ಹತ್ತಬೇಕು? ಪುಸ್ತಕದಲ್ಲಿ ಇದ್ದದ್ದು ಬೇಡ. ಇಪ್ಪತ್ತು ವರ್ಷದಲ್ಲಿ ನೀವು ಎಲ್ಲೆಲ್ಲಿ ನಡುಗಿದಿರಿ, ಎಲ್ಲಿ ಬೆಚ್ಚಗಿದ್ದಿರಿ, ಅದನ್ನು ಹೇಳಿ."

ಅವರು ಕನ್ನಡಕ ಏರಿಸಿಕೊಂಡು ಹೇಳುತ್ತಾ ಹೋದರು, ನಾನು ಗುರುತು ಹಾಕುತ್ತಾ ಹೋದೆ. ಉತ್ತರದ ಕ್ವೀನ್ಸ್‌ಲ್ಯಾಂಡ್ ಚಳಿಗಾಲದಲ್ಲಿ ಹಿತ, ನಮ್ಮ ನಾಸಿಕದ ಡಿಸೆಂಬರಿನ ಹಾಗೆ. ಆದರೆ ಸಾವಿರ ಮೈಲಿ, ಮತ್ತು ಅಲ್ಲಿಯ ಹೆಸರಾದ ಗೋಡೆಯ ತುಂಬ ನೆಟ್ಟಗೆ ಬಿರುಕುಗಳು, ಕೈ ತುರುಕಿ ಹತ್ತುವುದು, ನಮಗಲ್ಲ. ಸಿಡ್ನಿಯ ಹತ್ತಿರದ ನೀಲಿ ಬೆಟ್ಟಗಳಲ್ಲಿ ಬಿಸಿಲಿನ ಮಗ್ಗುಲು ಸಿಕ್ಕರೆ ಸ್ವರ್ಗ, ಗಾಳಿ ಎದ್ದರೆ ಮುಗಿಯಿತು. ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ಬೆಟ್ಟಗಳಲ್ಲಿ ಮಳೆಯಿಲ್ಲ, ಆದರೆ ಗೋಡೆಯ ಬುಡಕ್ಕೇ ದೊಡ್ಡ ಏರು, ಏರಿ ಹೋದರೆ ಎಂಟರ ದಾರಿಗಳು ಬೆರಳೆಣಿಕೆಗೆ. ಪ್ರತಿ ಜಾಗಕ್ಕೂ ನಾನು ಅವೇ ಪ್ರಶ್ನೆ ಕೇಳಿದೆ. ಬಿಸಿಲು ಎಷ್ಟು ಹೊತ್ತಿಗೆ ಬೀಳುತ್ತದೆ? ನಡುದಾರಿಯಲ್ಲಿ ಬೇಡವೆನಿಸಿದರೆ ಇಳಿಯಬಹುದೇ? ತುದಿಯಿಂದ ನಡೆದುಕೊಂಡು ಬರುವ ದಾರಿ ಇದೆಯೇ, ಹಗ್ಗದಲ್ಲೇ ಇಳಿಯಬೇಕೇ? ಕೊನೆಯವರಿಗೂ ಅದು ಎಂಟೇ ತಾನೇ?

ಕೊನೆಯ ಪ್ರಶ್ನೆಗೆ ಅವರು ಕನ್ನಡಕ ತೆಗೆದು ಕೆಳಗಿಟ್ಟರು. "ಇಪ್ಪತ್ತು ವರ್ಷದಲ್ಲಿ ಇದನ್ನು ಯಾವ ಪುಸ್ತಕದಲ್ಲೂ ಬರೆದದ್ದು ನೋಡಿಲ್ಲ" ಎಂದರು.

ಸಂಜೆಯಾಗುವಷ್ಟರಲ್ಲಿ ಹಾಳೆಯ ಮೇಲೆ ಒಂದೇ ಹೆಸರು ಉಳಿದಿತ್ತು: ಗ್ರಾಂಪಿಯನ್ಸಿನಿಂದಲೂ ಆಚೆ, ಬಯಲಿನಲ್ಲಿರುವ ಅರಪೈಲ್ಸ್.

"ನಾನೂ ಬಾಯಿಯೂ ಹೋಗತೇವಿ" ಎಂದು ಮನೆಗೆ ಬಂದು ಹೇಳಿದೆ. "ಐದು ದಿನ."

"ಇಬ್ಬರಽ ಹೆಂಗಸರು? ಕೀತ್‌ನ ಒಂದು ಮಾತು ಕೇಳೋಣು."

"ನಾ ಕೇಳಲಿಕ್ಕತ್ತಿಲ್ಲರೀ, ಹೇಳಲಿಕ್ಕತ್ತೀನಿ."

ಅರಪೈಲ್ಸ್, ಮೊದಲ ದಿನ

ನಾಸಿಕದಿಂದ ಔರಂಗಾಬಾದಿಗೆ ಬಸ್ಸಿನಲ್ಲಿ ಹೋದವರಿಗೆ ವೈಜಾಪುರದ ಬಯಲು ಗೊತ್ತು. ಕಣ್ಣು ಹಾಯುವ ತನಕ ಹೊಲ. ಆ ಬಯಲಿನ ನಡುವೆ ದೌಲತಾಬಾದಿನ ಗುಡ್ಡವನ್ನು ಎತ್ತಿ ತಂದು ಇಟ್ಟರೆ ಹೇಗೋ ಹಾಗೆ ಅರಪೈಲ್ಸ್. ಸುತ್ತ ಮೊಣಕಾಲೆತ್ತರದ ಹಸಿರು ಗೋಧಿ, ನಡುವೆ ಒಮ್ಮೆಲೇ ಎದ್ದ ಕಿತ್ತಳೆ ಬಣ್ಣದ ಬಂಡೆ. ನಮ್ಮ ಸಹ್ಯಾದ್ರಿಯ ಕರಿಗಲ್ಲು ಹುಲ್ಲು ಮಣ್ಣು ಮೆತ್ತಿಕೊಂಡು ಪುಡಿಪುಡಿಯಾಗಿ ಕೈಗೆ ಬರುತ್ತದೆ. ಇದು ಗಟ್ಟಿ. ಕಾರು ನಿಲ್ಲಿಸಿದಲ್ಲಿಂದ ಹತ್ತು ನಿಮಿಷಕ್ಕೆ ಬಂಡೆಯ ಬುಡ. ನಮಗೆಂದು ಆರಿಸಿದ ಗೋಡೆ ಉತ್ತರಕ್ಕೆ ಮುಖ ಮಾಡಿತ್ತು. ಬೆಳಗಿನ ಎಂಟಕ್ಕೆಲ್ಲ ಅದರ ಮೇಲೆ ಬಿಸಿಲು. ಅಂಗೈ ಇಟ್ಟೆ. ಆಗ ತಾನೇ ಇಳಿಸಿದ ತವೆಯಲ್ಲ, ಇಳಿಸಿ ಅರ್ಧ ತಾಸಾದ ತವೆ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಂಥ ಜಾಗ ಇತ್ತು, ಇದು ಕೀತ್‌ಗೂ ಗೊತ್ತಿತ್ತು, ಆದರೂ ನನ್ನನ್ನು ಆ ನೆರಳಿನ ಗೋಡೆಗೆ ಒಯ್ದರು ಎಂದು ಇನ್ನಷ್ಟು ಹೊಟ್ಟೆ ಉರಿಯಿತು.

ಪೈನ್ ಮರಗಳ ಕೆಳಗೆ ಡೇರೆ ಹಾಕಿದೆವು. ಬೆಳಿಗ್ಗೆ ಎದ್ದರೆ ಬಕೆಟ್ಟಿನ ನೀರಿನ ಮೇಲೆ ಗಾಜಿನಂಥ ಹಿಮ. ಕಾಗೆಯ ಗಾತ್ರದ ಬಿಳಿ ಗಿಣಿಗಳು ನಾನು ಕಲಸಿಟ್ಟ ಚಪಾತಿಯ ಹಿಟ್ಟನ್ನು ಹೊತ್ತೊಯ್ದವು. ಗೋಧಿ ಹೊಲದ ರೈತ ದಿನಾ ಬೆಳಿಗ್ಗೆ ಟ್ರಾಕ್ಟರ್ ನಿಲ್ಲಿಸಿ ನಮ್ಮ ಕಡೆ ಒಂದು ಬೆರಳು ಎತ್ತುತ್ತಿದ್ದ. ಅದು ಅಲ್ಲಿಯ ನಮಸ್ಕಾರ. ಮಾತಿಲ್ಲ. ಪಕ್ಕದಾಕೆಯ "ಹೇಗಿದ್ದೀರಿ"ಗಿಂತ ಆ ಬೆರಳು ನನಗೆ ಹಿಡಿಸಿತು.

ಮೂರನೆಯ ದಿನ

ಎರಡು ದಿನ ಬಾಯಿ ಮುಂದೆ, ನಾನು ಹಿಂದೆ. ನಾಲ್ಕು, ಐದು, ಆರರ ದಾರಿಗಳು. ಮೂರನೆಯ ದಿನ ಅವರು ಹಗ್ಗದ ಇನ್ನೊಂದು ತುದಿ ನನ್ನ ಕೈಗಿಟ್ಟರು.

"ನೀನು ಮುಂದೆ ಹೋಗು."

"ನಾನು ಯಾವತ್ತೂ ಹೋಗಿಲ್ಲ, ಬಾಯಿ. ಆರು ವರ್ಷದಲ್ಲಿ ಒಮ್ಮೆಯೂ."

"ನಿನ್ನನ್ನು ಯಾರೂ ಬಿಡಲಿಲ್ಲವೋ, ನೀನೇ ಕೇಳಲಿಲ್ಲವೋ?"

ಎರಡೂ ನಿಜ. ಹಗ್ಗ ಕಟ್ಟಿಕೊಂಡೆ.

ಮುಂದೆ ಹೋಗುವವರಿಗೆ ಮೇಲಿನಿಂದ ಹಗ್ಗವಿಲ್ಲ. ಬಿದ್ದರೆ ತಾನೇ ಹಾಕಿಕೊಂಡು ಬಂದ ಆಸರೆಯೇ ಗತಿ. ದಾರಿ ಏಳರದ್ದು, ಮುನ್ನೂರಡಿ, ಮೂರು ಹಂತ. ಮೊದಲ ಹಂತದಲ್ಲಿ ಕಾಲು ಹೊಲಿಗೆ ಯಂತ್ರದ ಸೂಜಿಯ ಹಾಗೆ ಕುಣಿಯಿತು. ಎರಡನೆಯದರಲ್ಲಿ ಅಡ್ಡಕ್ಕೆ ಹನ್ನೆರಡು ಅಡಿ ದಾಟಬೇಕಿತ್ತು. ಅಲ್ಲಿ ನಿಂತು ಬಹಳ ಹೊತ್ತು ಯೋಚಿಸಿದೆ. ದಾಟುವುದು ನನಗೆ ಕಷ್ಟವಿರಲಿಲ್ಲ. ಹಿಂದಿನಿಂದ ಬರುವ ಐವತ್ತೆಂಟು ವರ್ಷದವರು ಜಾರಿದರೆ ಎಲ್ಲಿಗೆ ಹೋಗಿ ಬಡಿಯುತ್ತಾರೆ ಎಂಬುದನ್ನು ಲೆಕ್ಕ ಹಾಕುತ್ತಿದ್ದೆ. ದಾಟುವ ಮೊದಲು ಒಂದು, ದಾಟಿದ ಮೇಲೆ ನೆಟ್ಟಗೆ ಎಂಟಡಿ ಏರಿ ಇನ್ನೊಂದು ಆಸರೆ ಹಾಕಿದೆ. ಹಗ್ಗ ಅವರ ತಲೆಯ ಮೇಲಿನಿಂದ ಬರುವಂತಾಯಿತು. ಅದಕ್ಕೆ ಬೇಕಾದದ್ದು ಐದು ನಿಮಿಷ. ಐದು ನಿಮಿಷ ಅಷ್ಟೇ ಎಂದು ಗೊತ್ತಾದಾಗ, ಗ್ರಾಂಪಿಯನ್ಸಿನ ಆ ಒಂದೂವರೆ ತಾಸು ನೆನಪಾಗಿ ಬಂಡೆಯ ಮೇಲೆಯೇ ಕಣ್ಣು ಒದ್ದೆಯಾಯಿತು. ದುಃಖಕ್ಕಲ್ಲ.

ತುದಿಯಲ್ಲಿ ಕೂತು ಇಬ್ಬರೂ ಅವಲಕ್ಕಿ ತಿಂದೆವು. ಬಾಯಿ ಮೊದಲ ಸಲ ತಿಂದದ್ದು. "ಒದ್ದೆ ಮಾಡಿದ ಕಾಗದದ ಹಾಗಿದೆ, ಇನ್ನೂ ಸ್ವಲ್ಪ ಹಾಕು" ಎಂದರು. ಆಮೇಲೆ ಹಿಂಬದಿಯ ಕಾಲುದಾರಿಯಲ್ಲಿ, ಕೈಬೀಸಿಕೊಂಡು, ಸಂತೆಯಿಂದ ಬರುವವರ ಹಾಗೆ ನಡೆದು ಇಳಿದೆವು.

ನಾಲ್ಕನೆಯ ದಿನ

ಮಧ್ಯಾಹ್ನ ಡೇರೆಯ ಹತ್ತಿರ ಕೀತ್‌ನ ಕಾರು ಬಂದು ನಿಂತಿತು, ಜೊತೆಗೆ ನಮ್ಮವರೂ ಇದ್ದರು. ಕೀತ್ ಇಳಿದು ನನ್ನ ಮುಂದೆ ಬಂದು, "ನಾನು ಕೇಳಬೇಕಿತ್ತು. ಕೇಳಲಿಲ್ಲ. ಕ್ಷಮಿಸು" ಎಂದು ನೆಟ್ಟಗೆ ಹೇಳಿದ. ಅವರ ದೇಶದಲ್ಲಿ ಇದೊಂದು ಒಳ್ಳೆಯದು, ಕ್ಷಮೆ ಕೇಳುವುದಾದರೆ ಸುತ್ತಿ ಬಳಸುವುದಿಲ್ಲ. ಹೇಳಿ ತನ್ನ ಅತ್ತೆಯ ಜೊತೆ ನೀರು ತರಲು ಹೋದ.

ನಮ್ಮವರು ಮರದ ಬೇರಿನ ಮೇಲೆ ಕೂತರು. ನಾನು ಸ್ಟೋವಿನ ಮುಂದೆ. ಚಹಾಕ್ಕೆ ನೀರಿಟ್ಟೆ.

"ಅವತ್ತು ಆ ಎರಡು ಆಸರಾ ನಾನಽ ಬಿಚ್ಚಿದ್ದು" ಎಂದರು.

"ಗೊತ್ತದ."

"ಯಾಕ ಅಂತ ಗೊತ್ತಿಲ್ಲ ನಿನಗ." ಕೈಯಲ್ಲಿದ್ದ ಕಡ್ಡಿ ಮುರಿದರು. "ಅದನ್ನ ನಿನ್ನ ಕಡಿ ಹಗ್ಗಕ್ಕ ಹಾಕಿ ಬರಬೇಕಾಗಿತ್ತು. ಅದಕ್ಕ ಒಂದು ಕೈ ಬಿಡಬೇಕು. ನನಗ ಕೈ ಬಿಡಲಿಕ್ಕೆ ಆಗಲಿಲ್ಲ. ಅಂಜಿಕಿ ಆಗಿತ್ತು, ಸುಮಿತ್ರಾ. ಕಿತ್ತಕೊಂಡು ಓಡಿದೆ. ಆಮ್ಯಾಲೆ ಲಗೂನ ಮುಗದರ ಸಾಕು ಅಂತ ಎಳದೆ."

"ಅಂಜಿಕಿ ಆಗಿದ್ದರ ಕೀತ್‌ಗ ಹೇಳಬೇಕಾಗಿತ್ತು."

"ಅವನ ಮುಂದ ಹೆಂಗ ಹೇಳಲಿ? ಇಂಡಿಯಾದವರು ಹಿಂಗಽ ಅಂದಾನು ಅಂತ..."

"ಇಂಡಿಯಾದ ಮರ್ಯಾದಿ ಉಳಸಲಿಕ್ಕೆ ನನ್ನ ಬೀಳಸಿದ್ರಿ. ಬೀಳಸಿ, ಧೈರ್ಯಾ ಇಲ್ಲ ಅಂತ ನನಗಽ ಅಂದ್ರಿ."

ಅವರು ಮುಖ ಮುಚ್ಚಿಕೊಂಡರು. "ತಪ್ಪಾತು" ಎಂದರು. ಮದುವೆಯಾಗಿ ಎಂಟು ವರ್ಷಕ್ಕೆ ಆ ಮಾತು ಅವರ ಬಾಯಿಂದ ಕೇಳಿದ್ದು ಅದೇ ಮೊದಲು.

ಇಲ್ಲಿ ನನ್ನ ಸಿಟ್ಟು ಇಳಿಯಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾಗುತ್ತದೆ. ಸುಳ್ಳು ಬರೆಯಲಾರೆ. ಅವರೂ ಅಂಜಿದ್ದರು ಎಂದು ಕೇಳಿದಾಗ ನನ್ನ ಸಿಟ್ಟು ಎರಡರಷ್ಟಾಯಿತು. ಇಬ್ಬರೂ ಒಂದೇ ಗೋಡೆಯ ಮೇಲೆ ಒಂದೇ ಅಂಜಿಕೆಯಲ್ಲಿ ನಿಂತಿದ್ದೆವು, ಒಂದು ಮಾತು ಆಡಿದ್ದರೆ ಇಬ್ಬರೂ ಇಳಿದು ಬರುತ್ತಿದ್ದೆವು. "ಚಹಾ ತಗೋರಿ" ಎಂದೆ. "ನಾ ಇನ್ನೂ ಸಿಟ್ಟಿನ್ಯಾಗ ಇದ್ದೀನಿ. ಅದು ಹೋಗಲಿಕ್ಕೆ ಎಷ್ಟ ದಿನಾ ಬೇಕೋ ಅಷ್ಟ ದಿನಾ ಇರತದ."

"ಇರಲಿ" ಎಂದರು.

ಮರುದಿನ ನನ್ನ ಹಗ್ಗದಲ್ಲಿ ನಮ್ಮವರನ್ನು ಕಟ್ಟಿಕೊಂಡು ಆರರ ದಾರಿಯೊಂದನ್ನು ಹತ್ತಿದೆ. ಅವರು ಹಿಂದೆ ಬರುವುದನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ಪಾದ ಎಲ್ಲಿಡುವುದು ಎಂದು ತಡಕಾಡುತ್ತಿದ್ದರು. ನೆತ್ತಿಯಲ್ಲಿ ಕೂದಲು ತೆಳುವಾಗಿದ್ದು ಕಂಡಿತು. ಒಂದು ಕಡೆ ನಿಂತುಬಿಟ್ಟರು. "ಎಡಗಾಲು ಇನ್ನ ಸ್ವಲ್ಪ ಮ್ಯಾಲೆ ಇಡ್ರಿ, ಅಂಚದ" ಎಂದು ಹೇಳಿದೆ. ಹೇಳಿ ಕಾದೆ.

ನಾಸಿಕ

ಸೆಪ್ಟೆಂಬರಿನಲ್ಲಿ ನಾನು ಮರಳಿದೆ, ಅವರು ಡಿಸೆಂಬರಿನಲ್ಲಿ. ಜನವರಿಯ ಒಂದು ರವಿವಾರ ಮಧ್ಯಾಹ್ನ ಕಾರ್ಖಾನೆಯ ಗೆಳೆಯರೆಲ್ಲ ಸೇರಿ, ಕಾಲನಿಯ ಸಭಾಗೃಹದ ಕಿಟಕಿಗೆ ಕಂಬಳಿ ಕಟ್ಟಿ, ಗೋಡೆಯ ಮೇಲೆ ಚಿತ್ರ ತೋರಿಸುವ ಏರ್ಪಾಡು ಮಾಡಿದರು. ನಮ್ಮವರು ಮಾತಾಡಬೇಕಿತ್ತು. ಗ್ರಾಂಪಿಯನ್ಸಿನ ಗೋಡೆಯ ಚಿತ್ರ ಬಂದಾಗ ಎಲ್ಲರೂ ಹೋ ಎಂದರು.

ಬಂಡೆ ಹತ್ತುವವರ ಸಂಘದ ಕಾರ್ಯದರ್ಶಿ ಜೋಶಿಯವರು ಮರಾಠಿಯಲ್ಲಿ ಕೇಳಿದರು, "ವಹಿನಿಯೂ ಇದನ್ನು ಹತ್ತಿದರಾ?" ವಹಿನಿ ಎಂದರೆ ಅತ್ತಿಗೆ, ಅಂದರೆ ನಾನು.

ನಮ್ಮವರು ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟರು. ಮುಂದಿನ ಚಿತ್ರಕ್ಕೆ ಹೋಗುತ್ತಾರೆ ಎಂದುಕೊಂಡೆ. "ಇಲ್ಲ. ಇಲ್ಲಿ ಅವಳನ್ನು ನಾನು ಬೀಳಿಸಿದೆ" ಎಂದರು. ಆಮೇಲೆ ಮರಾಠಿಯಲ್ಲಿಯೇ ಎಲ್ಲವನ್ನೂ ಹೇಳಿದರು. ಆಸರೆ ಬಿಚ್ಚಿದ್ದು, ಅಂಜಿದ್ದು, ಎಳೆದದ್ದು, ಆಮೇಲೆ ಅಂದ ಮಾತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಜೋಶಿಯವರು ಮುಜುಗರದಿಂದ, "ಆಯಿತು ಬಿಡಿ, ಮುಂದಿನ ಚಿತ್ರ ಹಾಕಿ" ಎಂದರು.

ನಾನು ಎದ್ದು ದೀಪ ಹಾಕಿದೆ. "ಮುಂದಿನ ಚಿತ್ರ ಬೇಡ" ಎಂದೆ. ಬಿಸಿಲು, ಇಳಿಯುವ ದಾರಿ, ಕೊನೆಯವರ ಹಗ್ಗ ಇವುಗಳ ಬಗ್ಗೆ ಅರ್ಧ ತಾಸು ಮಾತಾಡಿದೆ. ನನ್ನ ಮರಾಠಿ ಅಷ್ಟಕ್ಕಷ್ಟೆ, ಸಿಟ್ಟು ಬಂದಾಗ ಕನ್ನಡ ಹಿಂದಿ ಎಲ್ಲ ಕಲಸಿಹೋಗುತ್ತದೆ. ಆದರೆ ಯಾರೂ ಎದ್ದು ಹೋಗಲಿಲ್ಲ. ಬರುವ ರವಿವಾರ ಅಂಜನೇರಿಯ ಬುಡದ ಬಂಡೆಗಳಿಗೆ ಹೋಗುವೆ, ನನ್ನ ದರ್ಜೆಯವರು ಬನ್ನಿ, ಒಂಬತ್ತಕ್ಕೆ ಬಿಸಿಲು ಬಂದ ಮೇಲೆ ಶುರು ಎಂದು ಹೇಳಿ ಕೂತೆ.

ಹೊರಗೆ ಸೈಕಲ್ ತೆಗೆಯುವಾಗ ಪವಾರ್ ಕಾಯುತ್ತ ನಿಂತಿದ್ದರು. ಕುಲುಮೆ ವಿಭಾಗದವರು, ಆರಡಿ ಆಳು, ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಗರು ಎಂದು ಹೆಸರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡರು.

"ವಹಿನಿ, ಪ್ರತಿ ಶನಿವಾರ ನನಗೆ ಊಟ ಸೇರುವುದಿಲ್ಲ. ಮರುದಿನದ ಬಂಡೆ ನೆನೆಸಿಕೊಂಡು. ಹತ್ತು ವರ್ಷದಿಂದ. ನಾನು ಬರಬಹುದೇ?"

"ಬನ್ನಿ" ಎಂದೆ.

ಅವರು ಹೋಗಲಿಲ್ಲ. ಸೈಕಲಿನ ಹಿಡಿ ತಿರುವುತ್ತ ನಿಂತರು. "ನನ್ನ ಹೆಂಡತಿಯನ್ನೂ ಕರೆತರಲೇ? ಬಹಳ ದಿನದಿಂದ ಕೇಳುತ್ತಿದ್ದಾಳೆ. ಅದು ನಿನ್ನ ಕೈಲಾಗುವುದಲ್ಲ ಅನ್ನುತ್ತಿದ್ದೆ."

"ಪವಾರ್ ಭಾವೂ, ನಿಮಗೆ ಬರಲು ಆಗದಿದ್ದರೂ ಅವರನ್ನು ಕಳಿಸಿ" ಎಂದು ಹೇಳಿ ಸೈಕಲ್ ಹತ್ತಿದೆ.